ಓಮ್ನಿ ವಾಸನೆಯ ಸತ್ಯಶೋಧನೆ



ಹದಿನೈದು ದಿನದಿಂದ ಸಂಘದ ಓಮ್ನಿ ಎಲ್ಲೂ ಕಾಣ್ತಿಲ್ಲ, ಮಾರಿಬಿಟ್ರಾ ಅಂತ ಸುಮಾರು ಜನ ಫೋನ್ ಮಾಡಿ ಕೇಳಿದ್ರಿ. ಮಾರಿಲ್ಲ. ಬೆಳಗೊಳದಲ್ಲಿ ನಮ್ಮ ಮನೆ ಪಕ್ಕದ ಹುಣಸೆ ಮರದ ಕೆಳಗೆ ಬ್ಯಾಟರಿ ವೈರು ಬಿಚ್ಚಿಸಿಕೊಂಡು ನಿಂತಿತ್ತು. ಒಳಗೆ ಪೆಟ್ರೋಲ್ ವಾಸನೆ ಬರ್ತಿತ್ತು. ಈಗ ಸರಿಯಾಗಿದೆ. ಏನಾಗಿತ್ತು, ಹೇಗೆ ಹಿಡಿದ್ವಿ ಅನ್ನೋದನ್ನ ಸ್ವಲ್ಪ ಉದ್ದಕ್ಕೇ ಬರೀತೀನಿ. ಯಾಕಂದ್ರೆ ನಮ್ಮ ಬಳಗದಲ್ಲಿ ಹಳೇ ಓಮ್ನಿ, ಹಳೇ ಮಾರುತಿ 800 ಇಟ್ಕೊಂಡು ಚಳವಳಿ ಮಾಡೋರೇ ಜಾಸ್ತಿ. ಹೊಸ ಕಾರು ತಗೊಂಡೋರು ಚಳವಳಿ ಬಿಟ್ಟು ಬಹಳ ದಿನ ಆಯ್ತು. (ತಮಾಷೆಗೆ ಅಂದೆ, ಯಾರೂ ಬೇಜಾರು ಮಾಡ್ಕೋಬೇಡಿ.)

ಗಾಡಿ 2009ರದ್ದು. ಹದಿನೈದು ವರ್ಷ ತುಂಬಿದ ಮೇಲೆ ಆರ್‌ಸಿ ನವೀಕರಣ ಮಾಡಿಸಿ ಓಡಿಸ್ತಿದ್ದೀವಿ. ಕಂಪನಿಯೋರು ಓಮ್ನಿ ತಯಾರಿಸೋದನ್ನ 2019ಕ್ಕೇ ನಿಲ್ಲಿಸಿದ್ರು. ಆದ್ರೂ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಅಂತ ಯಾವ ಕಡೆ ಹೋದ್ರೂ ಸಂತೆಗೆ, ಮದುವೆಗೆ, ಆಸ್ಪತ್ರೆಗೆ ಈ ಗಾಡಿ ಇನ್ನೂ ಓಡ್ತಾನೇ ಇದೆ. ನಮ್ಮದು ಸಭೆಗೆ ಮೈಕು ಹೊರುತ್ತೆ, ಹಾಸ್ಟೆಲ್ ಹುಡುಗರನ್ನ ಹೊರುತ್ತೆ, ಎಲ್ಲಕ್ಕಿಂತ ಹೆಚ್ಚಾಗಿ ಸಾಕ್ಷಿಗಳನ್ನ ಹೊರುತ್ತೆ.

ಸಾಕ್ಷಿಗಳ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ದೌರ್ಜನ್ಯ ತಡೆ ಕಾಯ್ದೆಗೆ 1995ರಲ್ಲಿ ನಿಯಮಗಳನ್ನ ಮಾಡಿದ್ರು. ಅದರ 11ನೇ ನಿಯಮದ ಪ್ರಕಾರ ನೊಂದವರಿಗೆ, ಅವರ ಅವಲಂಬಿತರಿಗೆ, ಸಾಕ್ಷಿಗಳಿಗೆ ಪ್ರಯಾಣ ಭತ್ಯೆ, ದಿನಭತ್ಯೆ ಕೊಡಬೇಕು. ಒಳ್ಳೇ ನಿಯಮ, ಎಲ್ಲರೂ ಕೇಳಿ ಪಡೀಬೇಕು. ಆದ್ರೆ ವಾಯಿದೆ ದಿನ ಬೆಳಗ್ಗೆ ಆರು ಗಂಟೆಗೆ ಸಾಕ್ಷಿಯ ಮನೆ ಮುಂದೆ ಒಂದು ಗಾಡಿ ನಿಂತಿರಬೇಕಲ್ಲ, ಆ ಕೆಲಸ ಭತ್ಯೆಯಿಂದ ಆಗಲ್ಲ. ಅದಕ್ಕೇ ಈ ಓಮ್ನಿ.

ಒಂದು ಕೇಸು ನಡೀತಿದೆ. ಊರ ಹೆಸರು ಬರೆಯಲ್ಲ. ಹಬ್ಬದ ದಿನ ನಮ್ಮ ಹುಡುಗರು ದೇವಸ್ಥಾನದ ಒಳಗೆ ಕಾಲಿಟ್ಟರು ಅಂತ ಶುರುವಾಗಿ, ನಾಲ್ಕನೇ ರಾತ್ರಿ ಕೇರಿಯ ಒಂದು ಕೊಟ್ಟಿಗೆಗೂ ಹುಲ್ಲಿನ ಮೆದೆಗೂ ಬೆಂಕಿ ಬಿತ್ತು. ಕೊಟ್ಟಿಗೆಯ ಯಜಮಾನಿ ಎಪ್ಪತ್ತರ ಆಸುಪಾಸಿನ ಒಬ್ಬ ಅವ್ವ. ಮುಖ್ಯ ಸಾಕ್ಷಿ ಅವರೇ. ಮೊದಲು ಎಣ್ಣೆ ವಾಸನೆ ಬಂತು, ಎದ್ದು ಕೂತೆ, ಆಮೇಲೆ ಬೆಳಕು ಕಂಡಿತು ಅನ್ನೋದು ಅವರ ಹೇಳಿಕೆ. ಆ ಊರಿನಿಂದ ಬೆಳಗ್ಗೆ ಹೊರಡೋದು ಒಂದೇ ಬಸ್ಸು, ಆರೋಪಿಗಳೂ ಅದರಲ್ಲೇ ಕೋರ್ಟಿಗೆ ಬರ್ತಾರೆ.

ಕಳೆದ ವಾಯಿದೆಗೆ ಅವ್ವನ್ನ ಕರ್ಕೊಂಡು ಬರಕ್ಕೆ ಹೋದಾಗ ಬಾಗಿಲು ತೆಗೆದು ಒಂದು ಕಾಲು ಒಳಗಿಟ್ಟೋರು ಹಾಗೇ ಹಿಂದಕ್ಕೆ ತಗೊಂಡ್ರು.

"ಯಾಕಪ್ಪ, ಇದ್ರೊಳ್ಗೆ ಎಣ್ಣೆ ಘಾಟು ಬತ್ತಾ ಅದೆ? ನಾ ಕೂರಕ್ಕಿಲ್ಲ ಕಣ್ ಮಗ. ಬಸ್ಸಲ್ಲೇ ಬತ್ತೀನಿ ಬುಡು."

ಕಿಟಕಿ ಎಲ್ಲಾ ಇಳಿಸಿ, ಅವರ ಮೊಮ್ಮಗಳನ್ನ ಪಕ್ಕ ಕೂರಿಸಿ ಹೇಗೋ ಕರ್ಕೊಂಡು ಹೋದ್ವಿ. ದಾರಿಯುದ್ದಕ್ಕೂ ಸೆರಗು ಮೂಗಿನಿಂದ ತೆಗೀಲಿಲ್ಲ. ಅವತ್ತು ಜಡ್ಜು ರಜೆ ಇದ್ದು ವಾಯಿದೆ ಮುಂದಕ್ಕೆ ಹೋಯ್ತು. ವಾಪಸ್ ಮನೆಗೆ ಬಿಟ್ಟಾಗ, "ಇನ್ನೊಂದ್ಸಲ ಈ ಗಾಡಿ ತರ್ಬ್ಯಾಡ ಕಣಪ್ಪ" ಅಂದ್ರು.

ಒಬ್ಬ ಸಾಕ್ಷಿ ಬರದಿದ್ರೆ ಏನಾಗುತ್ತೆ ಅನ್ನೋದು ಈ ಪೋಸ್ಟ್ ಓದೋರಿಗೆ ನಾನು ಹೇಳಬೇಕಾಗಿಲ್ಲ. 2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ನಮ್ಮ ಏಳು ಜನರನ್ನ ಜೀವಂತ ಸುಟ್ಟರು. 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದ್ರು. ಸಾಕ್ಷಿಗಳು ಕೋರ್ಟಿನಲ್ಲಿ ತಿರುಗಿ ಬಿದ್ದಿದ್ರು. ತಿರುಗಿ ಬಿದ್ದೋರನ್ನ ಬೈಯೋದು ಸುಲಭ. ಅವರು ಯಾರ ಜೊತೆ, ಯಾವ ಬಸ್ಸಿನಲ್ಲಿ, ಯಾರ ಎದುರು ಕೂತು ಕೋರ್ಟಿಗೆ ಹೋಗಬೇಕಿತ್ತು ಅಂತ ಕೇಳೋರು ಕಮ್ಮಿ.

ಆದ್ದರಿಂದ ವಾಸನೆ ಹೋಗಲೇಬೇಕಿತ್ತು, ಇಪ್ಪತ್ತು ದಿನದೊಳಗೆ.

ಗಾಡಿನ ಮೊದಲು ಒಂದು ಗ್ಯಾರೇಜಿಗೆ ಬಿಟ್ಟೆ, ಹೆಸರು ಬೇಡ. ಹಿಂದಿನ ಗಾಜಿನ ಮೇಲಿನ ನೀಲಿ ಸ್ಟಿಕ್ಕರ್ ನೋಡಿ, ಆಮೇಲೆ ನನ್ನ ಮುಖ ನೋಡಿ, "ಬಿಟ್ಟು ಹೋಗಿ" ಅಂದ್ರು. ಮೂರು ದಿನ ಗಾಡಿ ಬಿಸಿಲಲ್ಲೇ ನಿಂತಿತ್ತು. ನಾಲ್ಕನೇ ದಿನ ಪೆಟ್ರೋಲ್ ಫಿಲ್ಟರ್ ಬದಲಾಯಿಸಿದ್ದೀವಿ ಅಂತ ಸಾವಿರದ ಎಂಟುನೂರು ತಗೊಂಡ್ರು. ಮಾರನೇ ದಿನ ವಾಸನೆ ಮತ್ತೆ ಹಾಜರ್. ಕೇಳಿದ್ದಕ್ಕೆ ಬಂದ ಉತ್ತರ: "ಹಳೇ ಗಾಡಿ ಅಂದ್ಮೇಲೆ ವಾಸನೆ ಇದ್ದೇ ಇರುತ್ತೆ. ಒಂದು ಪರ್ಫ್ಯೂಮ್ ಡಬ್ಬ ನೇತಾಕಿ. ಎರಡು ದಿನಕ್ಕೆ ನಿಮಗೇ ಅಭ್ಯಾಸ ಆಗೋಗುತ್ತೆ."

ಅಭ್ಯಾಸ ಆಗೋಗುತ್ತೆ ಅನ್ನೋದು ನಿಜವೇ. ಅಪಾಯ ಇರೋದೂ ಅಲ್ಲೇ. ಒಂದೇ ವಾಸನೆಯಲ್ಲಿ ಸ್ವಲ್ಪ ಹೊತ್ತು ಕೂತ್ರೆ ಮೂಗು ಅದನ್ನ ಹೇಳೋದು ಬಿಟ್ಟುಬಿಡುತ್ತೆ. ಪೆಟ್ರೋಲು ಹಾಗೇ ಇರುತ್ತೆ, ನಮಗೆ ಗೊತ್ತಾಗಲ್ಲ ಅಷ್ಟೇ. ದಿನಾ ಓಡಿಸೋ ನನಗಿಂತ ಆಗ ತಾನೇ ಹತ್ತಿದ ಅವ್ವನ ಮೂಗು ಸರಿಯಾಗಿತ್ತು. ನಿಮ್ಮ ಗಾಡೀಲಿ ಯಾರಾದ್ರೂ ಹೊಸಬರು ಹತ್ತಿ "ಏನೋ ವಾಸನೆ" ಅಂದ್ರೆ ಅವರ ಮಾತು ತೆಗೆದುಹಾಕಬೇಡಿ. ಈ ದೇಶದಲ್ಲಿ ಏನೇನಕ್ಕೆ ಅಭ್ಯಾಸ ಮಾಡ್ಕೊಳ್ಳಿ ಅಂತ ನಮಗೆ ಹೇಳಿದ್ದಾರೆ ಅನ್ನೋದರ ಪಟ್ಟಿ ಇಲ್ಲಿ ಬೇಡ.

ಪೆಟ್ರೋಲ್ ವಾಸನೆ ಅಂದ್ರೆ ಪೆಟ್ರೋಲ್ ಆವಿ. ಸೊನ್ನೆಗಿಂತ ನಲವತ್ತು ಡಿಗ್ರಿ ಕೆಳಗೂ ಅದು ಕಿಡಿಗೆ ಹತ್ತಿಕೊಳ್ಳುವಷ್ಟು ಆವಿ ಬಿಡುತ್ತೆ, ಇನ್ನು ನಮ್ಮ ಮಂಡ್ಯದ ಬಿಸಿಲಲ್ಲಿ ಕೇಳಬೇಕಾ. ಗಾಳಿಯಲ್ಲಿ ನೂರಕ್ಕೆ ಒಂದೂವರೆ ಪಾಲಿನಷ್ಟು ಆವಿ ಸೇರಿದ್ರೆ ಸಾಕು, ಬೆಂಕಿ ಹತ್ತುತ್ತೆ. ಗಾಳಿಗಿಂತ ಭಾರ ಇರೋದ್ರಿಂದ ಮೇಲಕ್ಕೆ ಹೋಗಲ್ಲ, ತಗ್ಗಿನಲ್ಲಿ, ಸೀಟಿನ ಕೆಳಗೆ ನಿಂತುಕೊಳ್ಳುತ್ತೆ. ಜೊತೆಗೆ ಅದರಲ್ಲಿ ಬೆಂಜೀನ್ ಇದೆ, ಕ್ಯಾನ್ಸರ್ ತರೋ ವಸ್ತು. ಓಮ್ನಿಯಲ್ಲಿ ಇಂಜಿನ್ ಇರೋದೇ ಮುಂದಿನ ಸೀಟಿನ ಕೆಳಗೆ. ಬೇರೆ ಕಾರಿನಲ್ಲಿ ಬಾನೆಟ್ ಒಳಗೆ ಸೋರಿದ್ದು ಹೊರಗೇ ಹೋಗುತ್ತೆ, ಓಮ್ನಿಯಲ್ಲಿ ನೇರವಾಗಿ ನಿಮ್ಮ ತೊಡೆ ಕೆಳಗೆ.

ಅಷ್ಟರಲ್ಲಿ ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಇನ್ನೊಂದು ಮಾತು ಶುರುವಾಯ್ತು. "ಪೈಪ್ ಕೊಯ್ದಿರ್ತಾರೆ ಅಣ್ಣ. ಫೋಟೋ ತೆಗೆದು ಪೋಸ್ಟ್ ಹಾಕಿ. ಸ್ಟೇಷನ್ ಮುಂದೆ ಧರಣಿ ಕೂರೋಣ." ಆ ಅನುಮಾನ ನನಗೂ ಬಂದಿತ್ತು. ಇಂಥ ಕೇಸು ಮೈಮೇಲೆ ಹಾಕ್ಕೊಂಡೋರಿಗೆ ಅದು ಬರದೇ ಇರಲ್ಲ. ಆದ್ರೆ ಪೈಪು ನೋಡದೆ ಬರೆಯಲ್ಲ ಅಂತ ಅವರಿಗೆ ಹೇಳಿದೆ. ನಾಳೆ ಎದುರಾಳಿ ವಕೀಲ ಅದೇ ಪೋಸ್ಟನ್ನ ಕೋರ್ಟಿನಲ್ಲಿ ಹಿಡಿದು, "ಇವರು ಎಲ್ಲಕ್ಕೂ ಹೀಗೇ ಅಂತಾರೆ ಸ್ವಾಮಿ" ಅಂದ್ರೆ ಅವ್ವನ ಕೊಟ್ಟಿಗೆಯ ಬೆಂಕಿಯೂ ಸುಳ್ಳಾಗುತ್ತೆ. ಹಳ್ಳಿಗೆ ಹೋದಾಗ ಸತ್ಯಶೋಧನೆ ಹೇಗೆ ಮಾಡ್ತೀವೋ ಗಾಡಿಗೂ ಹಾಗೇ ಮಾಡೋಣ ಅಂದೆ.

ಮಾಡಿದ್ದು ನಮ್ಮ ಕೇರಿಯ ಹುಡುಗ. ಐಟಿಐ ಮಾಡಿ ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಕೆಲಸಕ್ಕೆ ಹೋಗ್ತಾನೆ. ಭಾನುವಾರ ಬಂದೋನು ಪಾನಾ ಮುಟ್ಟಲೇ ಇಲ್ಲ, ಮೊದಲು ನನ್ನನ್ನೇ ಕೂರಿಸಿ ಪ್ರಶ್ನೆ ಕೇಳಿದ. ಯಾವಾಗ ಬರುತ್ತೆ? ಬಿಸಿಲಲ್ಲಿ ನಿಂತಾಗಲಾ, ಓಡುವಾಗಲಾ? ಟ್ಯಾಂಕ್ ಫುಲ್ ಮಾಡಿಸಿದ ದಿನ ಮಾತ್ರನಾ, ಯಾವಾಗಲೂನಾ? ಮುಂದಕ್ಕಾ, ಹಿಂದಕ್ಕಾ? ಸೈಲೆನ್ಸರ್ ಹೊಗೆಯಲ್ಲಾ?

ಪ್ರತಿ ಪ್ರಶ್ನೆಗೂ ಅರ್ಥ ಇತ್ತು. ಫುಲ್ ಟ್ಯಾಂಕ್ ಮಾಡಿಸಿದಾಗ ಮಾತ್ರ ವಾಸನೆ ಬಂದ್ರೆ ಮುಚ್ಚಳದ ವಾಷರ್, ಪೆಟ್ರೋಲ್ ತುಂಬೋ ಕತ್ತಿನ ಪೈಪು, ಇಲ್ಲಾ ಟ್ಯಾಂಕಿನ ಮೇಲ್ಭಾಗದ ಗ್ಯಾಸ್ಕೆಟ್. ಬಿಸಿಲಲ್ಲಿ ನಿಂತಾಗ ಬಂದ್ರೆ ಟ್ಯಾಂಕಿನ ಆವಿ ಹಿಡಿಯೋ ಇದ್ದಿಲಿನ ಡಬ್ಬ, ಅದರ ಪೈಪು. ಹೊಗೆಯಲ್ಲಿ ಬಂದ್ರೆ ಪೆಟ್ರೋಲ್ ಪೂರ್ತಿ ಉರೀತಿಲ್ಲ, ಪ್ಲಗ್ ಇಲ್ಲಾ ಇಂಜೆಕ್ಟರ್ ನೋಡಬೇಕು. ನಮ್ಮದು ಇದ್ಯಾವುದೂ ಅಲ್ಲ. ಸ್ಟಾರ್ಟ್ ಮಾಡಿದ ಸ್ವಲ್ಪ ಹೊತ್ತಿಗೆ ಶುರು, ಅದೂ ಎಡಗಡೆ ಮುಂದಿನ ಸೀಟಿನ ಹತ್ತಿರ. ಆಫ್ ಮಾಡಿ ಅರ್ಧ ಗಂಟೆ ಬಿಟ್ರೆ ಕಮ್ಮಿ. "ಹಂಗಾದ್ರೆ ಪ್ರೆಶರ್ ಇರೋ ಕಡೆನೇ ಅಣ್ಣ" ಅಂದ.

ಕಾರ್ಬುರೇಟರ್ ಗಾಡಿಗೂ ಇಂಜೆಕ್ಷನ್ ಗಾಡಿಗೂ ಇರೋ ವ್ಯತ್ಯಾಸ ಇದೇ ಅಂತ ವಿವರಿಸಿದ. ಹಳೇ ಕಾರ್ಬುರೇಟರ್‌ನಲ್ಲಿ ಪೆಟ್ರೋಲ್ ಮೆಲ್ಲಗೆ ಹರಿಯುತ್ತೆ. ಇಂಜೆಕ್ಷನ್‌ನಲ್ಲಿ ಟ್ಯಾಂಕಿನೊಳಗಿನ ಮೋಟರ್ ಅದನ್ನ ಕಾರಿನ ಟೈರಿನ ಗಾಳಿಗೆ ಕಮ್ಮಿ ಇಲ್ಲದ ಒತ್ತಡದಲ್ಲಿ ನೂಕುತ್ತೆ. ಒತ್ತಡ ಇಲ್ಲದಾಗ ಒಣಗಿದಂತೆ ಕಾಣೋ ಬಿರುಕು ಒತ್ತಡ ಬಂದಾಗ ಬೆವರುತ್ತೆ. ಗ್ಯಾರೇಜಿನೋರಿಗೆ ಏನೂ ಕಾಣದೇ ಇದ್ದದ್ದು ಅದಕ್ಕೇ ಇರಬೇಕು, ನಿಂತ ಗಾಡಿ ನೋಡಿದ್ದಾರೆ.

ಕೆಲಸಕ್ಕೆ ಮೊದಲು ಅವನು ಹಾಕಿದ ಕಟ್ಟಳೆಗಳು: ಗಾಡಿ ಬಯಲಲ್ಲೇ ಇರಬೇಕು, ಶೆಡ್ಡೊಳಗೆ ಬೇಡ. ಬೀಡಿ, ಸಿಗರೇಟು, ಊದುಬತ್ತಿ ಹತ್ತಿರ ಸುಳೀಬಾರದು. ವೈರಿಗೆ ಸಿಕ್ಕಿಸಿದ ಬಲ್ಬ್ ಬೇಡ, ಅದು ಒಡೆದ್ರೆ ಕಿಡಿ, ಬ್ಯಾಟರಿ ಟಾರ್ಚು ಸಾಕು. ಪಕ್ಕದಲ್ಲಿ ಪುಡಿ ತುಂಬಿದ ಬೆಂಕಿ ನಂದಿಸೋ ಸಿಲಿಂಡರು ಮತ್ತು ಒಂದು ಬಾಂಡ್ಲಿ ಮರಳು. ನೀರು ಬೇಡ, ನೀರು ಹಾಕಿದ್ರೆ ಪೆಟ್ರೋಲು ಅದರ ಮೇಲೆ ತೇಲ್ಕೊಂಡು ಉರಿಯುತ್ತೆ.

ಸೀಟು ಎತ್ತಿ, ಇಂಜಿನ್ ತಣ್ಣಗಾಗಿದೆ ಅಂತ ಖಾತ್ರಿ ಮಾಡ್ಕೊಂಡು, ಜಾಯಿಂಟ್‌ಗಳನ್ನೆಲ್ಲ ಬಟ್ಟೆಯಲ್ಲಿ ಒರೆಸಿದ. ನಮ್ಮ ಮನೆಯವಳ ಹತ್ತಿರ ಮುಖಕ್ಕೆ ಹಚ್ಚೋ ಪೌಡರ್ ಡಬ್ಬ ಕೇಳಿದ. "ಅತ್ತಿಗೆ, ಹೊಸಾದು ಕೊಡಿಸ್ತೀನಿ, ಇದನ್ನ ಮರ್ತುಬುಡಿ." ಪೈಪು, ಕ್ಲಿಪ್ಪು, ಫಿಲ್ಟರ್ ಎಲ್ಲದರ ಮೇಲೆ ಪೌಡರ್ ಉದುರಿಸಿದ. "ಅಣ್ಣ, ಕೀ ಆನ್ ಮಾಡಿ, ಸ್ಟಾರ್ಟ್ ಮಾತ್ರ ಮಾಡ್ಬ್ಯಾಡಿ." ಕೀ ಆನ್ ಮಾಡಿದಾಗ ಮೋಟರ್ ಎರಡು ಮೂರು ಸೆಕೆಂಡು ಗುಂಯ್ ಅಂದು ಲೈನಿಗೆ ಒತ್ತಡ ತುಂಬುತ್ತೆ. ನಾಲ್ಕು ಸಲ ಆನ್, ಆಫ್.

ಐದನೇ ಸಲಕ್ಕೆ ಬಿಳೀ ಪೌಡರ್ ಮೇಲೆ ಒಂದು ಕಪ್ಪು ಗೆರೆ ಮೂಡಿತು. ಫಿಲ್ಟರ್‌ನಿಂದ ಇಂಜೆಕ್ಟರ್ ಕಡೆ ಹೋಗೋ ರಬ್ಬರ್ ಪೈಪು, ಕ್ಲಿಪ್ಪಿನಿಂದ ಒಂದು ಬೆರಳು ಈಚೆಗೆ. ಹನಿ ಇಲ್ಲ, ಬರೀ ಬೆವರು.

ಫ್ಯೂಸ್ ಕಿತ್ತು ಇಂಜಿನ್ ತಾನೇ ನಿಲ್ಲೋವರೆಗೂ ಓಡಿಸಿ, ಲೈನಿನ ಒತ್ತಡ ಇಳಿಸಿ, ಬ್ಯಾಟರಿಯ ನೆಗೆಟಿವ್ ತೆಗೆದು, ಇಂಜಿನ್ ಪೂರ್ತಿ ಆರಿದ ಮೇಲೆ ಪೈಪ್ ಬಿಚ್ಚಿದ. ಬಗ್ಗಿಸಿ ಬೆಳಕಿಗೆ ಹಿಡಿದು ನೋಡಿದ್ವಿ. ಬ್ಲೇಡು ಹಾಕಿದ್ರೆ ಕೊಯ್ತ ನೇರವಾಗಿ, ನುಣ್ಣಗೆ, ಒಂದೇ ಕಡೆ ಇರುತ್ತೆ. ಇಲ್ಲಿ ಪೈಪಿನ ಸುತ್ತ ಸಣ್ಣ ಸಣ್ಣ ಬಿರುಕು, ಒಣಗಿದ ಕೆರೆಯಂಗಳದ ಥರ. ಒಳಮೈ ಮೆತ್ತಗಾಗಿ ಉಬ್ಬಿದೆ, ಹೊರಮೈ ಕಡ್ಡಿಯಂತೆ ಗಟ್ಟಿ. ಯಾರೂ ಕೊಯ್ದಿಲ್ಲ. ಗುಂಪಿನಲ್ಲಿ ಫೋಟೋ ಹಾಕಿ ಹಾಗೇ ಬರೆದೆ. ಇಬ್ಬರಿಗೆ ನಿರಾಸೆ ಆಯ್ತು.

ಇನ್ನೂ ಒಂದು ಸಂಗತಿ ಸಿಕ್ತು. ಆ ಪೈಪು ಇಂಜೆಕ್ಷನ್ ಗಾಡಿಯದ್ದೇ ಅಲ್ಲ. ಹಿಂದೆ ಯಾವಾಗಲೋ ಯಾರೋ ಕಾರ್ಬುರೇಟರ್‌ಗೆ ಹಾಕೋ ಅಗ್ಗದ ಪೈಪು ತುರುಕಿ ಕ್ಲಿಪ್ ಬಿಗಿದಿದ್ದಾರೆ. ಬದಲಿಗೆ ಇಂಜೆಕ್ಷನ್ ಒತ್ತಡಕ್ಕೇ ಮಾಡಿದ ಪೈಪು ಮೈಸೂರಿನಿಂದ ತಂದ್ವಿ. ಅಂಗಡಿಯಲ್ಲಿ "ಪೆಟ್ರೋಲ್ ಪೈಪ್" ಅಂತ ಕೇಳಿದ್ರೆ ಯಾವುದೋ ಒಂದನ್ನ ಕೊಡ್ತಾರೆ. ಇಂಜೆಕ್ಷನ್ ಪೈಪೇ ಬೇಕು ಅನ್ನಿ, ಮೈಮೇಲೆ ಎಸ್‌ಎಇ ಜೆ30 ಆರ್9 ಅಂತ ಇಂಗ್ಲಿಷಿನಲ್ಲಿ ಅಚ್ಚಾಗಿರೋದನ್ನ ಓದಿ ತಗೊಳ್ಳಿ. ಎಂಸೀಲ್ ಮೆತ್ತೋದು, ಸೈಕಲ್ ಟ್ಯೂಬ್ ಕೊಯ್ದು ಸುತ್ತೋದು ಬೇಡ. ಟ್ಯೂಬಿನ ರಬ್ಬರು ಪೆಟ್ರೋಲಿಗೆ ಉಬ್ಬಿ ಹರಿಯುತ್ತೆ. ಹಳೇ ಕ್ಲಿಪ್ಪನ್ನೂ ಬಿಸಾಕಿ. ಜೊತೆಗೆ ಸೀಟಿನ ಕೆಳಗೆ ಇಂಜಿನ್ ಮುಚ್ಚಳದ ಸುತ್ತ ಇರೋ ರಬ್ಬರ್ ಬೀಡಿಂಗ್ ಪುಡಿ ಪುಡಿಯಾಗಿತ್ತು, ಅದನ್ನೂ ಹೊಸದು ಹಾಕಿಸಿದ್ವಿ. ಒಳಗಿನ ಸೋರಿಕೆ ನಿಲ್ಲಿಸದೆ ಬರೀ ಬೀಡಿಂಗ್ ಹಾಕಿದ್ರೆ ಪರ್ಫ್ಯೂಮ್ ಡಬ್ಬ ನೇತಾಕಿದ ಹಾಗೇ.

ನಮ್ಮ ತಾತ ಕಪಿಲೆಗೆ ತೊಗಲು ಹೊಲಿದವರು. ಹೊಲಿಗೆಯಲ್ಲಿ ಒಂದು ಹನಿ ಸೋರಿದ್ರೂ ಬಾವಿ ಕಟ್ಟೆ ಮೇಲಿಂದ ಬೈಗುಳ ಬರ್ತಿತ್ತಂತೆ, ಮುಟ್ಟಬಾರದವರು ಹೊಲಿದ ಚೀಲದಿಂದ ಮೇಲೆ ಬಂದ ನೀರು ಮಾತ್ರ ಮೈಲಿಗೆ ಆಗ್ತಿರಲಿಲ್ಲ. ಹುಡುಗ ಕ್ಲಿಪ್ ಬಿಗಿದು, ಬೆರಳಲ್ಲಿ ಸುತ್ತ ತಡವಿ, ಮೂಗಿಗೆ ಹಿಡಿದು ನೋಡ್ತಿದ್ದಾಗ ಅದು ನೆನಪಾಯ್ತು.

ಈಗ ಎಥನಾಲ್ ವಿಷಯ. ನಮ್ಮ ಜಿಲ್ಲೆಯೋರು ಇದನ್ನ ಕೇಳಲೇಬೇಕು. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಇ20 ಪೆಟ್ರೋಲಿಗೆ ಚಾಲನೆ ಕೊಟ್ರು. ಅಂದ್ರೆ ನೂರು ಲೀಟರಿನಲ್ಲಿ ಇಪ್ಪತ್ತು ಲೀಟರ್ ಎಥನಾಲ್. ಅದನ್ನ ಕಬ್ಬಿನಿಂದ, ಕಾಕಂಬಿಯಿಂದ, ಮೆಕ್ಕೆಜೋಳದಿಂದ, ಅಕ್ಕಿಯಿಂದ ತೆಗೀತಾರೆ. 2023ರ ಏಪ್ರಿಲ್ ನಂತರದ ಗಾಡಿಗಳ ಪೈಪು, ವಾಷರ್‌ಗಳನ್ನ ಇದಕ್ಕೆ ಒಗ್ಗುವಂತೆ ಮಾಡಿರ್ತಾರೆ. 2009ರ ಗಾಡಿಗೆ ಆ ಭಾಗ್ಯ ಇಲ್ಲ. ಕೆಲವು ಜಾತಿ ರಬ್ಬರನ್ನ (ರಬ್ಬರಿನಲ್ಲೂ ಜಾತಿ!) ಎಥನಾಲ್ ಉಬ್ಬಿಸುತ್ತೆ, ಮೆತ್ತಗೆ ಮಾಡುತ್ತೆ. ಹಳೇ ಗಾಡಿಗಳಲ್ಲಿ ಇಪ್ಪತ್ತರಿಂದ ಮೂವತ್ತು ಸಾವಿರ ಕಿಲೋಮೀಟರ್ ಓಡಿದ ಮೇಲೆ ಕೆಲವು ರಬ್ಬರ್ ಭಾಗ, ಗ್ಯಾಸ್ಕೆಟ್ ಬದಲಾಯಿಸಬೇಕಾಗಬಹುದು ಅಂತ ಪೆಟ್ರೋಲಿಯಂ ಸಚಿವಾಲಯವೇ 2025ರ ಆಗಸ್ಟ್‌ನಲ್ಲಿ ಹೇಳಿತು. ಖರ್ಚು ಹೆಚ್ಚೇನಿಲ್ಲ, ಸರ್ವಿಸ್ ಮಾಡಿಸುವಾಗ ಆಗಿಹೋಗುತ್ತೆ ಅಂತಲೂ ಸೇರಿಸಿತು. ಸರ್ವಿಸ್‌ಗೆ ಬಿಡೋ ಶಕ್ತಿ ಇರೋರಿಗೆ ಸರಿ.

ನಮ್ಮ ಪೈಪಿನ ಪೂರ್ತಿ ತಪ್ಪನ್ನ ಎಥನಾಲ್ ತಲೆಗೆ ಕಟ್ಟಲ್ಲ. ವಯಸ್ಸೂ ಆಗಿತ್ತು, ಪೈಪೂ ತಪ್ಪು ಪೈಪು. ಆದ್ರೆ ಕನ್ನಂಬಾಡಿ ನೀರು ನಾಲೆಗೆ, ನಾಲೆ ನೀರು ಕಬ್ಬಿಗೆ, 1933ರಲ್ಲಿ ಶುರುವಾದ ಮೈಷುಗರ್ ಕಾಲದಿಂದ ಕಬ್ಬೇ ನಮ್ಮ ಜಿಲ್ಲೆಯ ಹೆಸರು. ಆ ಗದ್ದೆಗಳಲ್ಲಿ ಕಳೆ ಕೀಳೋ ಕೈಗಳಲ್ಲಿ ನಮ್ಮ ಕೇರಿಯ ಹೆಂಗಸರವೇ ಬಹಳ. ಕಬ್ಬಿನ ಸಾರಾಯಿ ಪೆಟ್ರೋಲ್ ಸೇರಿ ದೇಶ ಉದ್ಧಾರ ಆಗೋದಾದ್ರೆ ಆಗಲಿ. ಹಳೇ ಗಾಡಿಯ ಪೈಪಿನ ಖರ್ಚು ಯಾರ ಜೇಬಿಂದ ಅಂತಾದ್ರೂ ಕೇಳೋಣ.

ಇಷ್ಟೆಲ್ಲ ಯಾಕೆ ಕಲೀಬೇಕು, ಮೆಕ್ಯಾನಿಕ್ಕಿಗೆ ಬಿಟ್ರೆ ಆಯ್ತಲ್ಲ ಅಂತ ಒಬ್ಬ ಗೆಳೆಯ ಕೇಳಿದ. ಅವನಿಗೆ ಬಾಬಾಸಾಹೇಬರ ಟಾಂಗಾ ಕತೆ ಹೇಳಿದೆ. 1929ರಲ್ಲಿ ಅವರು ಚಾಳೀಸ್‌ಗಾಂವ್‌ನಲ್ಲಿ ರೈಲಿಳಿದಾಗ ನಮ್ಮ ಜನ ಕೇರಿಗೆ ಕರ್ಕೊಂಡು ಹೋಗಕ್ಕೆ ಬಂದಿದ್ರು. ಅಸ್ಪೃಶ್ಯನನ್ನ ಕೂರಿಸ್ಕೊಂಡು ಓಡಿಸಕ್ಕೆ ಟಾಂಗಾದವರು ಯಾರೂ ಒಪ್ಪಲಿಲ್ಲ. ಕೊನೆಗೆ ಗಾಡಿ ಬಾಡಿಗೆಗೆ ಕೊಟ್ರು, ಓಡಿಸೋನನ್ನ ಕೊಡಲಿಲ್ಲ. ಕೇರಿಯವನೇ ಒಬ್ಬ ಲಗಾಮು ಹಿಡಿದ. ಅವನು ಯಾವತ್ತೂ ಟಾಂಗಾ ಓಡಿಸಿದೋನಲ್ಲ. ಮೋರಿ ಹತ್ತಿರ ಗಾಡಿ ಮಗುಚಿ ಬಾಬಾಸಾಹೇಬರು ಕಲ್ಲಿನ ಮೇಲೆ ಬಿದ್ದು ಕಾಲು ಮುರಿಯಿತು. ಅವರ ಕಾಲು ಮುರಿದದ್ದು ಕುದುರೆಯಿಂದಲೂ ಅಲ್ಲ, ಓಡಿಸಿದವನ ಪ್ರೀತಿಯಿಂದಲೂ ಅಲ್ಲ. ಲಗಾಮು ಹಿಡಿಯೋದನ್ನ ನಮ್ಮವರು ಕಲಿಯೋಕೆ ಬಿಡದೇ ಇದ್ದದ್ದರಿಂದ. ಈಗ ನಮ್ಮ ಹತ್ತಿರ ಗಾಡಿ ಇದೆ, ಓಡಿಸೋರಿದ್ದಾರೆ. ಸೀಟಿನ ಕೆಳಗೆ ಏನಿದೆ ಅನ್ನೋದೊಂದು ಬಾಕಿ.

ಲೆಕ್ಕ ಕೇಳೋರಿಗೆ: ಪೈಪು, ಕ್ಲಿಪ್ಪು, ಬೀಡಿಂಗ್ ಎಲ್ಲಾ ಸೇರಿ ಒಂಬೈನೂರ ಐವತ್ತು. ಒಂದು ಪೌಡರ್ ಡಬ್ಬ. ಹುಡುಗ ಕೂಲಿ ಬೇಡ ಅಂದ. ಬಿಟ್ಟಿ ಕೆಲಸ ನಮ್ಮಲ್ಲೂ ಬೇಡ ಅಂತ ಬಲವಂತವಾಗಿ ಐನೂರು ಕೊಟ್ವಿ. ಆಮೇಲೆ ಮೂರು ರಾತ್ರಿ ಗಾಡಿ ಕೆಳಗೆ ನ್ಯೂಸ್ ಪೇಪರ್ ಹಾಸಿ ನೋಡಿದ್ವಿ, ಕಲೆ ಬೀಳಲಿಲ್ಲ. ಪೆಟ್ರೋಲ್ ಹಾರಿಹೋದ್ರೂ ಪೇಪರ್ ಮೇಲೆ ಕಂದು ಬಳೆಯಂಥ ಕಲೆ ಉಳಿಯುತ್ತೆ, ಅದನ್ನ ಹುಡುಕಬೇಕು. ಕೆಆರ್‌ಎಸ್‌ವರೆಗೂ ಎರಡು ಸಲ ಹೋಗಿ ಬಂದು, ಪ್ರತಿ ಸಲವೂ ಗಾಡಿ ಹತ್ತಿರ ಸುಳಿಯದೇ ಇದ್ದ ಒಬ್ಬರನ್ನ ಕರೆದು ಮೂಸಿ ಹೇಳಿ ಅಂದ್ವಿ.

ಮೊನ್ನೆ ಗುರುವಾರ ವಾಯಿದೆ ಇತ್ತು. ಅವ್ವನ ಮನೆ ಮುಂದೆ ಬಾಗಿಲು ತೆಗೆದು, ಸೀಟು ಎತ್ತಿ, ಹಳೇ ಪೈಪನ್ನ ಕೈಗೆ ಕೊಟ್ಟು ತೋರಿಸಿದೆ. ಪೈಪನ್ನ ಬಗ್ಗಿಸಿ ನೋಡಿದ್ರು. ಒಳಕ್ಕೆ ಬಗ್ಗಿ ಮೂಸಿದ್ರು, ಎರಡು ಸಲ. "ಈಗಿಲ್ಲ" ಅಂದು ಹತ್ತಿದ್ರು. ಸಾಕ್ಷಿ ಕಟ್ಟೆಯಲ್ಲಿ ಒಂದು ಗಂಟೆ ನಿಂತ್ರು. ಎದುರಾಳಿ ವಕೀಲರು ವಾಸನೆಯ ಮೇಲೇ ಬಹಳ ಹೊತ್ತು ಕೇಳಿದ್ರು. ನಿದ್ದೆಗಣ್ಣಲ್ಲಿ ಎಣ್ಣೆ ವಾಸನೆ ನಿಮಗೆ ಹೇಗೆ ಗೊತ್ತಾಯ್ತು ಅಂತ. ಅವ್ವ ಏನು ಹೇಳಿದ್ರು ಅನ್ನೋದನ್ನ ಕೇಸು ಮುಗಿದ ಮೇಲೆ ಬರೀತೀನಿ.

ಬರೋ ಭಾನುವಾರ ಬೆಳಗ್ಗೆ ಎಂಟಕ್ಕೆ ಅದೇ ಹುಣಸೆ ಮರದ ಕೆಳಗೆ ಹುಡುಗ ಬರ್ತಾನೆ. ಹಳೇ ಪೆಟ್ರೋಲ್ ಗಾಡಿ ಇರೋರು, ಬೈಕಾದ್ರೂ ಸರಿ, ತಗೊಂಡು ಬನ್ನಿ. ಕಲಿಯೋ ಮನಸ್ಸಿರೋ ಹುಡುಗಿಯರು ಮೊದಲು ಬನ್ನಿ, ಪಾನಾ ನಿಮ್ಮ ಕೈಗೇ ಕೊಡ್ತೀವಿ. ತಿಂಡಿ ನಮ್ಮನೇಲಿ. ಬೀಡಿ ಮನೇಲೇ ಇಟ್ಟು ಬನ್ನಿ.

ಜೈ ಭೀಮ್.